ಊರ ಹಂಬಲಕ್ಕೆ ಕೂಲಿ ಕಟ್ಟುವವರು ಯಾರು?

2025ರ ಜನವರಿ ಎರಡನೇ ವಾರ. ದಕ್ಷಿಣ ಆಫ್ರಿಕಾದ ಸ್ಟಿಲ್‌ಫಾಂಟೈನ್ ಎಂಬ ಗಣಿ ಪಟ್ಟಣದಲ್ಲಿ ಕ್ರೇನಿಗೆ ಕಟ್ಟಿದ ಕಬ್ಬಿಣದ ಪಂಜರವೊಂದು ಪದೇ ಪದೇ ನೆಲದೊಳಗೆ ಇಳಿದು ಮೇಲೆ ಬರುತ್ತಿತ್ತು. ಒಮ್ಮೊಮ್ಮೆ ಅದರಲ್ಲಿ ಎಲುಬಿನ ಗೂಡಿನಂತಾಗಿದ್ದ ಮನುಷ್ಯರಿರುತ್ತಿದ್ದರು. ಒಮ್ಮೊಮ್ಮೆ ಹೆಣಗಳಿರುತ್ತಿದ್ದವು. ಮೂರು ದಿನದ ಕೊನೆಗೆ ಲೆಕ್ಕ ಹೀಗಿತ್ತು: ಜೀವಂತ 246, ಹೆಣ 78.

ಇದು ಗಣಿ ಕುಸಿದು ಆದ ದುರಂತ ಅಲ್ಲ. ಕಂಪನಿ ಎಂದೋ ಕೈಬಿಟ್ಟಿದ್ದ ಚಿನ್ನದ ಗಣಿಗೆ ಕದ್ದು ಇಳಿದಿದ್ದ ಬಡವರನ್ನು ಮೇಲೆ ಬರಿಸಲು ಪೊಲೀಸರು 2024ರ ಆಗಸ್ಟ್‌ನಿಂದ ಊಟ, ನೀರು ಕೆಳಗೆ ಹೋಗೋದನ್ನೇ ತಡೆದಿದ್ದರು. ಆ ಕಾರ್ಯಾಚರಣೆಯ ಹೆಸರು 'ವಾಲಾ ಉಮ್ಗೋದಿ'. 'ಗುಂಡಿ ಮುಚ್ಚು' ಅಂತ ಅರ್ಥ. "ಹೊಗೆ ಹಾಕಿ ಹೊರಗೆಳೀತೀವಿ" ಎಂಬ ಧಾಟಿಯಲ್ಲಿ ಒಬ್ಬ ಸಚಿವೆ ಕ್ಯಾಮೆರಾ ಮುಂದೆಯೇ ಮಾತಾಡಿದ್ದರು. ಕೊನೆಗೆ ಕೋರ್ಟ್ ಆದೇಶ ಬಂದ ಮೇಲೆಯೇ ಆ ಪಂಜರ ಕೆಳಗಿಳಿದದ್ದು.

ಇದನ್ನೆಲ್ಲ ನಾನು ಬೆಂಗಳೂರಿನ ಮೆಟ್ರೋದಲ್ಲಿ ನಿಂತುಕೊಂಡು ಮೊಬೈಲಿನಲ್ಲಿ ನೋಡಿದೆ. ನನ್ನನ್ನು ತಡೆದು ನಿಲ್ಲಿಸಿದ್ದು ಹೆಣಗಳ ಲೆಕ್ಕಕ್ಕಿಂತ ಗಣಿಯ ಬಾಯಿಯ ಹತ್ತಿರ ತಿಂಗಳುಗಟ್ಟಲೆ ಕಾದು ಕೂತಿದ್ದ ಹೆಂಗಸರು. ಅಣ್ಣನಿಗಾಗಿ, ಗಂಡನಿಗಾಗಿ, ಮಗನಿಗಾಗಿ. ಒಳಗಿದ್ದವರಲ್ಲಿ ಬಹುಪಾಲು ಮೊಜಾಂಬಿಕ್, ಜಿಂಬಾಬ್ವೆ, ಲೆಸೋಥೋ ದೇಶದವರು. ಅಂದರೆ ಇವರೆಲ್ಲರ ಮನೆ ಗಡಿಯಾಚೆ. ಅಲ್ಲಿ ಇನ್ನೂ ಎಷ್ಟು ಮನೆಗಳಲ್ಲಿ, ಯಾರು ಹೀಗೆ ಕಾಯ್ತಾ ಕೂತಿದ್ರೋ.

ಹಾಗೆ ಕಾಯೋದು ನನಗೆ ಗೊತ್ತು.

ಚಿನ್ನದ ಮೇಲೆ ಕೂತ ಊರು

ನಮ್ಮೂರು ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕು. ಹಟ್ಟಿ ಚಿನ್ನದ ಗಣಿ ಇರೋದೂ ಅದೇ ತಾಲ್ಲೂಕಲ್ಲಿ. ಗಣಿಯಲ್ಲಿ ಕಾಯಂ ಕೆಲಸ ಸಿಕ್ಕ ಮನೆಗಳನ್ನು ಊರಲ್ಲಿ ಬೇರೆಯಾಗಿಯೇ ನೋಡ್ತಿದ್ರು. ಉಳಿದವರದ್ದು ಗುಳೆ. ಸುಗ್ಗಿ ಮುಗೀತಿದ್ದ ಹಾಗೆ ಗಂಟುಮೂಟೆ ಕಟ್ಟಿ ಬೆಂಗಳೂರು ಬಸ್ಸು. ಅಪ್ಪ ಸೆಂಟ್ರಿಂಗ್ ಕೆಲಸಕ್ಕೆ, ಅವ್ವ ಕಲ್ಲು-ಮರಳು ಹೊರೋದಕ್ಕೆ. ಮೊದಲ ಸಲ ಹೋಗುವಾಗ ಖರ್ಚಿಗೆ ಅಂತ ಅವ್ವನ ಬೋರಮಾಳ ಅಡವಿಟ್ಟಿದ್ದರು. ಚಿನ್ನದ ಗಣಿ ಇರೋ ತಾಲ್ಲೂಕಿನಿಂದ ಚಿನ್ನ ಅಡವಿಟ್ಟು ನಾನೂರು ಕಿಲೋಮೀಟರ್ ದೂರ ದುಡಿಯೋಕೆ ಹೋಗೋದು. ಇದರಲ್ಲಿ ಏನೋ ವಿಚಿತ್ರ ಇದೆ ಅಂತ ನನಗೆ ಆಗ ಅನಿಸಿರಲಿಲ್ಲ. ಎಲ್ಲರ ಮನೆಯಲ್ಲೂ ಹಾಗೇ ಇತ್ತು.

ನಾನು ಉಳಿದದ್ದು ಆಯಿ ಹತ್ರ. "ಅಪ್ಪ ಯಾವಾಗ ಬರ್ತಾನ?" ಅಂತ ಕೇಳಿದ್ರೆ ಆಯಿ, "ಅಂವಾ ಬರೂದು ಕೇಳಬ್ಯಾಡ, ರೊಕ್ಕ ಬಂತೇನು ಕೇಳು" ಅಂತಿದ್ಳು. ಕಲ್ಲು ಮನಸ್ಸಿನ ಮಾತು ಅಂತ ಅನಿಸ್ತಿತ್ತು. ಈಗ ಗೊತ್ತಾಗುತ್ತೆ, ಅವಳು ಹೇಳಿದ್ದು ಲೆಕ್ಕ. ಮನುಷ್ಯ ಬಂದರೆ ರೊಕ್ಕ ಬರಲ್ಲ, ರೊಕ್ಕ ಬರಬೇಕಂದ್ರೆ ಮನುಷ್ಯ ಬರಬಾರದು.

ಊರ ಹಂಬಲವನ್ನು ನಾವು ಸಾಮಾನ್ಯವಾಗಿ ಹಾಡಿನ ವಿಷಯ, ಕಣ್ಣೀರಿನ ವಿಷಯ ಅಂತ ನೋಡ್ತೀವಿ. ನನ್ನ ವಾದ ಬೇರೆ. ದೂರದೂರಿನ ಗಣಿಯಲ್ಲಿ ದುಡಿಯುವವನ ಮನೆಯ ನೆನಪು ಅವನ ಖಾಸಗಿ ದುಃಖ ಅಷ್ಟೇ ಅಲ್ಲ, ಅದು ಆ ಉದ್ಯಮದ ಉಳಿತಾಯ. ಅವನನ್ನು ಮನೆಯಿಂದ ದೂರ ಇಟ್ಟದ್ದರಿಂದಲೇ ಅವನು ಅಗ್ಗ ಆದ. ಈ ಲೆಕ್ಕವನ್ನು ದಕ್ಷಿಣ ಆಫ್ರಿಕಾದಷ್ಟು ಶಿಸ್ತಾಗಿ ಬರೆದಿಟ್ಟ ದೇಶ ಇನ್ನೊಂದು ಸಿಗೋದು ಕಷ್ಟ. ಅದಕ್ಕೇ ಅಲ್ಲಿಂದ ಶುರು ಮಾಡೋಣ.

ಮೊದಲು ತೆರಿಗೆ, ಆಮೇಲೆ ರೈಲು

1886ರಲ್ಲಿ ಈಗಿನ ಜೊಹಾನೆಸ್‌ಬರ್ಗ್ ಸುತ್ತ ಚಿನ್ನ ಸಿಕ್ಕಿತು. ಚಿನ್ನ ಬೇಕಾದಷ್ಟಿತ್ತು, ಆದರೆ ಆಳದಲ್ಲಿತ್ತು. ಅದಿರಿನಲ್ಲಿ ಚಿನ್ನದ ಪ್ರಮಾಣ ಕಡಿಮೆ. ಚಿನ್ನದ ದರವನ್ನು ಗಣಿ ಕಂಪನಿಗಳು ಏರಿಸೋ ಹಾಗಿರಲಿಲ್ಲ, ಅದು ಜಗತ್ತಿಗೆಲ್ಲ ನಿಗದಿಯಾದ ದರ. ಹಾಗಾದ್ರೆ ಲಾಭ ಎಲ್ಲಿಂದ ಬರಬೇಕು? ಕೂಲಿಯಿಂದ.

ಆದರೆ ಹೊಲ, ದನ ಇರೋ ಮನುಷ್ಯ ಯಾಕಾದ್ರೂ ನೆಲದೊಳಗೆ ಇಳೀತಾನೆ? ಇಳಿಯೋ ಹಾಗೆ ಮಾಡಿದರು. 1894ರಲ್ಲಿ ಕೇಪ್ ವಸಾಹತಿನ ಪ್ರಧಾನಿಯಾಗಿದ್ದ ಸೆಸಿಲ್ ರೋಡ್ಸ್ 'ಗ್ಲೆನ್ ಗ್ರೇ ಕಾಯ್ದೆ' ತಂದ. ಊರು ಬಿಟ್ಟು ಕೂಲಿಗೆ ಹೋಗದ ಗಂಡಸಿಗೆ ವರ್ಷಕ್ಕೆ 10 ಶಿಲಿಂಗ್ ತೆರಿಗೆ. ಅಂದರೆ ಮನೆಯಲ್ಲಿ ಇದ್ದದ್ದಕ್ಕೇ ದಂಡ. ಈ ರೋಡ್ಸ್‌ಗೆ ಚಿನ್ನದ ಗಣಿಗಳಲ್ಲೂ ಪಾಲಿತ್ತು ಅನ್ನೋದನ್ನ ಮರೆಯಬಾರದು. 1913ರ ಭೂ ಕಾಯ್ದೆ ಬಹುಸಂಖ್ಯಾತ ಕರಿಯರಿಗೆ ಉಳಿಸಿದ್ದು ದೇಶದ ನೆಲದಲ್ಲಿ ಸುಮಾರು 7 ಶೇಕಡಾ ಮಾತ್ರ. ಉಳಿದ ಕೆಲಸವನ್ನು ಹಸಿವು ಮಾಡಿತು.

ಗಣಿ ಕಂಪನಿಗಳು ಒಟ್ಟು ಸೇರಿ ಆಳು ಹುಡುಕುವ ಸಂಸ್ಥೆಗಳನ್ನೇ ಕಟ್ಟಿದವು. 'ವೆನೇಲಾ' ಅಂತ ಜನ ಕರೀತಿದ್ದ ಸಂಸ್ಥೆ ಮೊಜಾಂಬಿಕ್, ಮಲಾವಿ ಕಡೆಯಿಂದ ಗಂಡಸರನ್ನು ತಂದು ಗಣಿಗೆ ತುಂಬುತ್ತಿತ್ತು. ಕಂಪನಿ ಕಂಪನಿಗಳ ನಡುವೆ ಆಳಿಗಾಗಿ ಪೈಪೋಟಿ ಆಗಿ ಕೂಲಿ ಏರದ ಹಾಗೆ ನೋಡಿಕೊಳ್ಳೋದೇ ಇದರ ಒಳಗುಟ್ಟು. ಬಂದವರನ್ನು ಇಟ್ಟದ್ದು 'ಕಾಂಪೌಂಡ್' ಎಂಬ ಗಂಡಸರ ಹಾಸ್ಟೆಲ್ಲುಗಳಲ್ಲಿ. ಒಂದು ಕೋಣೆಗೆ ಹತ್ತಾರು ಜನ, ಸಿಮೆಂಟಿನ ಮಂಚ. ಹೆಂಡತಿ-ಮಕ್ಕಳಿಗೆ ಪ್ರವೇಶ ಇಲ್ಲ. ಗುತ್ತಿಗೆ ಮುಗಿದ ಮೇಲೆ ಊರಿಗೆ ವಾಪಸ್, ಮತ್ತೆ ಹೊಸ ಗುತ್ತಿಗೆ. ಹೀಗೆ 20, 30 ವರ್ಷ ದುಡಿದವನೂ ಲೆಕ್ಕದಲ್ಲಿ 'ತಾತ್ಕಾಲಿಕ'.

1950ರ ದಶಕದಲ್ಲಿ ಗಣಿ ಕಂಪನಿಯೊಂದು ತನ್ನ ಹೊಸ ಗಣಿಗಳಲ್ಲಿ ಹತ್ತನೇ ಒಂದು ಭಾಗ ಕರಿಯ ಕಾರ್ಮಿಕರಿಗಾದರೂ ಕುಟುಂಬದ ಮನೆ ಕೊಡ್ತೀವಿ ಅಂದಾಗ, ವರ್ಣಭೇದ ಸರ್ಕಾರ 3 ಶೇಕಡಾಕ್ಕಿಂತ ಹೆಚ್ಚು ಕೂಡದು ಅಂತ ಮಿತಿ ಹಾಕಿತು. ಸ್ವಲ್ಪ ಯೋಚಿಸಿ. ನೂರಕ್ಕೆ 97 ಜನ ಹೆಂಡತಿ-ಮಕ್ಕಳಿಂದ ದೂರ ಇರಲೇಬೇಕು ಅಂತ ಸರ್ಕಾರವೇ ತೀರ್ಮಾನ ಮಾಡಿದ್ದು.

ಉಳಿತಾಯ ಯಾರ ಕಿಸೆಗೆ?

ಯಾಕೆ ಹೀಗೆ? 1972ರಲ್ಲಿ ಹೆರಾಲ್ಡ್ ವೋಲ್ಪ್ ಎಂಬ ದಕ್ಷಿಣ ಆಫ್ರಿಕಾದ ಚಿಂತಕ ಇದನ್ನು ಬಿಡಿಸಿ ಹೇಳಿದ. ಅವನ ವಾದದ ಸಾರ ಸರಳ. ಒಬ್ಬ ಕಾರ್ಮಿಕನಿಗೆ ಕೊಡುವ ಕೂಲಿಯಲ್ಲಿ ಅವನ ಮಕ್ಕಳ ಊಟ, ಹೆಂಡತಿಯ ಹೆರಿಗೆ, ತಾಯಿ-ತಂದೆಯ ಮುಪ್ಪು, ಅವನದೇ ಕಾಯಿಲೆ ಎಲ್ಲದರ ಖರ್ಚೂ ಸೇರಬೇಕು. ಆದರೆ ಕುಟುಂಬ ದೂರದ ಹಳ್ಳಿಯಲ್ಲಿದ್ದರೆ ಆ ಖರ್ಚಿನ ದೊಡ್ಡ ಪಾಲನ್ನು ಹಳ್ಳಿಯ ಹೊಲ, ಹಳ್ಳಿಯ ಹೆಂಗಸು ಹೊರುತ್ತಾರೆ. ಕಂಪನಿ ಒಂಟಿ ಗಂಡಸಿನ ಹೊಟ್ಟೆಗೆ ಸಾಕಾಗುವಷ್ಟು ಕೊಟ್ಟರೆ ಆಯಿತು.

ಬೇರೆ ಮಾತಲ್ಲಿ ಹೇಳೋದಾದ್ರೆ, ಆಳಿನ ಹೆಂಡತಿಯೂ ಗಣಿಗೆ ದುಡೀತಿದ್ದಳು, ಆದರೆ ಪುಕ್ಕಟೆ. ನಮ್ಮ ಆಯಿ ನನ್ನನ್ನು ಸಾಕಿದ್ದು ಬೆಂಗಳೂರಿನ ಯಾವುದೋ ಅಪಾರ್ಟ್‌ಮೆಂಟಿನ ಚದರಡಿ ದರದಲ್ಲಿ ಉಳಿತಾಯ ಆದ ಹಾಗೆ.

ಇದು ಬರೀ ಸಿದ್ಧಾಂತ ಅಲ್ಲ. ದಕ್ಷಿಣ ಆಫ್ರಿಕಾದ ಅರ್ಥಶಾಸ್ತ್ರಜ್ಞ ಫ್ರಾನ್ಸಿಸ್ ವಿಲ್ಸನ್ ಚಿನ್ನದ ಗಣಿಗಳ 1911ರಿಂದ 1969ರವರೆಗಿನ ಕೂಲಿ ಲೆಕ್ಕ ಹಾಕಿದ. ಬೆಲೆ ಏರಿಕೆ ಕಳೆದು ನೋಡಿದರೆ ಕರಿಯ ಗಣಿಗಾರನ ಕೂಲಿ 1969ರಲ್ಲಿ 1911ರಲ್ಲಿದ್ದದ್ದಕ್ಕಿಂತ ಹೆಚ್ಚಿರಲಿಲ್ಲ. ಸುಮಾರು ಆರು ದಶಕ! ಅಷ್ಟರಲ್ಲಿ ಜೊಹಾನೆಸ್‌ಬರ್ಗ್ ಗುಡಾರದ ಊರಿನಿಂದ ಗಗನಚುಂಬಿಗಳ ನಗರವಾಗಿತ್ತು.

ಈ ವ್ಯವಸ್ಥೆಯಲ್ಲಿ ಕಾರ್ಮಿಕರ ದೇಶಗಳೂ ಪಾಲು ತಗೊಂಡವು. 1928ರ ಒಪ್ಪಂದದಂತೆ ಮೊಜಾಂಬಿಕ್ ಆಳುತ್ತಿದ್ದ ಪೋರ್ಚುಗಲ್, ಗಣಿಗಾರರ ಕೂಲಿಯಲ್ಲಿ ಒಂದು ಭಾಗವನ್ನು ತಡೆಹಿಡಿದು ಅವರು ಊರಿಗೆ ಮರಳಿದ ಮೇಲೆ ಕೊಡುವ ಏರ್ಪಾಡು ಮಾಡಿಕೊಂಡಿತು. ಮುಂದೆ ಆ ಹಣವನ್ನು ತಾನು ಕಡಿಮೆ ದರದ ಚಿನ್ನವಾಗಿ ಪಡೆಯಿತು, ಕಾರ್ಮಿಕನಿಗೆ ಕೊಟ್ಟದ್ದು ಸ್ಥಳೀಯ ನೋಟು. ಸ್ವತಂತ್ರ ಲೆಸೋಥೋ ಕೂಡ 1974ರಲ್ಲಿ ತನ್ನ ಗಣಿಗಾರರ ಕೂಲಿಯ 60 ಶೇಕಡಾವನ್ನು ಊರಿನ ಬ್ಯಾಂಕಿನಲ್ಲಿ ಕಡ್ಡಾಯವಾಗಿ ಇಡುವ ಕಾನೂನು ಮಾಡಿತು. ಮನೆಗೆ ಹಣ ತಲುಪಲಿ ಅನ್ನೋ ಸದುದ್ದೇಶ ಅದರಲ್ಲಿ ಇತ್ತು, ನಿಜ. ಆದರೆ ದುಡಿದವನಿಗೆ ತನ್ನ ಹಣ ಎಲ್ಲಿ, ಯಾವಾಗ ಬೇಕು ಅಂತ ಹೇಳೋ ಹಕ್ಕು ಇರಲಿಲ್ಲ.

ಹಾಗಂತ ಅವರು ಬಾಯಿ ಮುಚ್ಚಿಕೊಂಡು ಇರಲಿಲ್ಲ. ಲೆಸೋಥೋದ ಗಣಿಗಾರರು 'ಲಿಫೇಲಾ' ಎಂಬ ಹಾಡುಗಬ್ಬವನ್ನೇ ಕಟ್ಟಿಕೊಂಡರು. ರೈಲಿನ ಪ್ರಯಾಣ, ಗಣಿಯ ಕತ್ತಲು, ಬಿಟ್ಟು ಬಂದ ಹೆಂಡತಿ, ಹೊಲ, ದನ ಎಲ್ಲ ಅದರಲ್ಲಿ ಬರುತ್ತವೆ. ಬಂದ ರೈಲುಗಳ ಬಗ್ಗೆ ಹ್ಯೂ ಮಸೆಕೇಲಾ ಕಟ್ಟಿದ 'ಸ್ಟಿಮೇಲಾ' ಜಗತ್ತಿನ ಎಲ್ಲೆಡೆ ಕೇಳಿತು. ಹಾಡುಗಳು ಉಳಿದವು. ಹಾಡಿದವರ ಶ್ವಾಸಕೋಶ ಉಳಿಯಲಿಲ್ಲ.

ಧೂಳು ಮನೆಗೆ ಬರುತ್ತದೆ

ಚಿನ್ನದ ಅದಿರಿನ ಬಂಡೆಯಲ್ಲಿ ಸಿಲಿಕಾ ಇರುತ್ತೆ. ಕೊರೆಯುವಾಗ ಏಳುವ ಧೂಳು ಶ್ವಾಸಕೋಶದಲ್ಲಿ ಕೂತು ಗಾಯ ಮಾಡುತ್ತೆ. ಕಾಯಿಲೆಯ ಹೆಸರು ಸಿಲಿಕೋಸಿಸ್. ಗುಣ ಆಗಲ್ಲ, ಜೊತೆಗೆ ಟಿಬಿ ಬೇಗ ಹತ್ತುತ್ತೆ. ಮುಖ್ಯ ವಿಷಯ ಏನಂದ್ರೆ, ಅದು ಕಾಣಿಸಿಕೊಳ್ಳಲು ಹತ್ತು, ಹದಿನೈದು ವರ್ಷ ಬೇಕು. ಅಷ್ಟರಲ್ಲಿ ಗುತ್ತಿಗೆ ಮುಗಿದಿರುತ್ತೆ, ಮನುಷ್ಯ ಊರಿಗೆ ಮರಳಿರುತ್ತಾನೆ. ಎಷ್ಟೋ ವರ್ಷ ಹಂಬಲಿಸಿದ ಮನೆಗೆ ಅವನು ಕೊನೆಗೂ ಬರೋದು ಕೆಮ್ಮುತ್ತಾ. ಆರೈಕೆ ಮಾಡೋದು ಮತ್ತೆ ಅದೇ ಹೆಂಡತಿ, ಮತ್ತೆ ಪುಕ್ಕಟೆ.

ಥೆಂಬೆಕಿಲೆ ಮಂಕಾಯಿ ಎಂಬ ಗಣಿಗಾರ 1979ರಿಂದ 1995ರವರೆಗೆ ನೆಲದೊಳಗೆ ದುಡಿದ. ಶ್ವಾಸಕೋಶ ಹಾಳಾದದ್ದಕ್ಕೆ ಕಾನೂನಿನಂತೆ ಅವನಿಗೆ ಸಿಕ್ಕ ಪರಿಹಾರ 16,320 ರ‍್ಯಾಂಡ್. ಇಷ್ಟಕ್ಕೆ ಮುಗೀತು, ಇನ್ನು ಕಂಪನಿ ಮೇಲೆ ದಾವೆ ಹೂಡೋ ಹಾಗಿಲ್ಲ ಅಂದರು ಕೆಳಗಿನ ಕೋರ್ಟುಗಳಲ್ಲಿ. ಅವನು ಸಂವಿಧಾನ ಪೀಠದವರೆಗೆ ಹೋದ. 2011ರ ಮಾರ್ಚ್‌ನಲ್ಲಿ ಗೆದ್ದ. ಆದರೆ ತೀರ್ಪು ಬರುವ ಕೆಲವೇ ದಿನ ಮೊದಲು ತೀರಿಕೊಂಡಿದ್ದ.

ಆ ತೀರ್ಪು ತೆರೆದ ಬಾಗಿಲಿನಿಂದ ಉಳಿದವರು ನುಗ್ಗಿದರು. 2016ರಲ್ಲಿ ಹೈಕೋರ್ಟ್ ಸಾಮೂಹಿಕ ದಾವೆಗೆ ಒಪ್ಪಿತು. 2018ರಲ್ಲಿ ಕಂಪನಿಗಳು ಸುಮಾರು 500 ಕೋಟಿ ರ‍್ಯಾಂಡಿನ ರಾಜಿಗೆ ಸಹಿ ಹಾಕಿದವು. 1965ರಿಂದ ಈಚೆಗೆ ದುಡಿದವರು, ಸತ್ತವರ ಹೆಂಡತಿ-ಮಕ್ಕಳು ಇದರಲ್ಲಿ ಹಕ್ಕುದಾರರು. ನೂರು ವರ್ಷದ ಲೆಕ್ಕದಲ್ಲಿ ಹಳ್ಳಿಯ ಮನೆ ಮೊದಲ ಸಲ ಬಾಕಿದಾರನಾಗಿ ಕಾಗದದ ಮೇಲೆ ಬಂತು. ಗಣಿ ಕೆಲಸದ ಹಳೇ ದಾಖಲೆ ಹುಡುಕಿ, ಎಕ್ಸ್‌ರೇ ತೆಗೆಸಿ, ಆ ಹಣ ದೂರದ ಗುಡ್ಡಗಾಡಿನ ವಿಧವೆಯ ಕೈ ಸೇರೋದು ಇನ್ನೊಂದು ಹೋರಾಟ.

ಗಣಿ ಮುಚ್ಚಿತು, ದಾರಿ ಮುಚ್ಚಲಿಲ್ಲ

1980ರ ದಶಕದಲ್ಲಿ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗಳಲ್ಲಿ 5 ಲಕ್ಷಕ್ಕೂ ಹೆಚ್ಚು ಜನ ಇದ್ದರು. ಈಗ 1 ಲಕ್ಷದ ಆಸುಪಾಸು. ಲೆಸೋಥೋದಂಥ ಪುಟ್ಟ ದೇಶದಿಂದಲೇ ಒಂದು ಕಾಲಕ್ಕೆ ಲಕ್ಷಕ್ಕೂ ಹೆಚ್ಚು ಗಂಡಸರು ಹೋಗುತ್ತಿದ್ದರು. ಕಂಪನಿಗಳು ಹೊರಟವು. ದೇಶದಲ್ಲಿ ಕೈಬಿಟ್ಟ ಗಣಿಗಳೇ ಸುಮಾರು 6,000. ಆದರೆ ನೂರು ವರ್ಷ ಅಪ್ಪ, ಅಜ್ಜ ನಡೆದು ಸವೆಸಿದ ದಾರಿ ಹಾಗೇ ಉಳಿಯಿತು. ಊರಲ್ಲಿ ಬೇರೆ ಕೆಲಸ ಹುಟ್ಟಲಿಲ್ಲ, ಯಾಕಂದ್ರೆ ನೂರು ವರ್ಷ ಆ ಊರುಗಳ ದುಡಿಮೆಯೆಲ್ಲ ಬೇರೆ ಕಡೆ ಹರಿದಿತ್ತು.

ಆ ದಾರಿಯಲ್ಲೇ ಬಂದವರು 'ಜಾಮಾ ಜಾಮಾ'ಗಳು. ಜುಲು ಭಾಷೆಯಲ್ಲಿ 'ಪ್ರಯತ್ನ ಬಿಡದವರು' ಅಂತ ಅರ್ಥ. ಮುಚ್ಚಿದ ಗಣಿಯೊಳಗೆ ತಿಂಗಳುಗಟ್ಟಲೆ ಇದ್ದು ಅಳಿದುಳಿದ ಚಿನ್ನ ಕೆರೆಯುವವರು. ಹಿಂದೆ ರೈಲು ಕಳಿಸಿ ಕರೆಸಿಕೊಂಡಿದ್ದ ಮನುಷ್ಯನ ಮೊಮ್ಮಗ ಈಗ 'ಅಕ್ರಮ ವಲಸಿಗ'.

ಇಲ್ಲಿ ಒಂದು ಮಾತನ್ನು ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕು. ಈ ಅಕ್ರಮ ಗಣಿಗಾರಿಕೆಯ ಹಿಂದೆ ಬಂದೂಕು ಹಿಡಿದ ಗ್ಯಾಂಗುಗಳಿವೆ. ಸುತ್ತಲಿನ ಬಡಾವಣೆಗಳ ಬಡವರೇ ಅವರ ಹಿಂಸೆಗೆ ಮೊದಲು ಬಲಿಯಾಗೋದು. ಒಳಗಿದ್ದ ಕೆಲವರನ್ನು ಬಲವಂತದಿಂದ ದುಡಿಸಿಕೊಂಡರು, ಮೇಲೆ ಬರಲು ಬಿಡಲಿಲ್ಲ ಎಂಬ ಆರೋಪಗಳೂ ಇವೆ. ಸರ್ಕಾರ ಸುಮ್ಮನೆ ಕೂರಬೇಕಿತ್ತು ಅಂತ ಯಾರೂ ಹೇಳ್ತಿಲ್ಲ. ಆದರೆ ಚಿನ್ನ ಕೊಳ್ಳುವ ದಲ್ಲಾಳಿ, ಅದನ್ನು ಕರಗಿಸಿ ವಿದೇಶಕ್ಕೆ ಸಾಗಿಸುವ ದೊಡ್ಡವರು ನೆಲದ ಮೇಲೆಯೇ ಓಡಾಡಿಕೊಂಡಿದ್ದಾರೆ. ಊಟ ನಿಲ್ಲಿಸಿದ್ದು ನೆಲದ ಕೆಳಗಿದ್ದವರಿಗೆ. ಬಲವಂತಕ್ಕೆ ಸಿಕ್ಕಿದ್ದಾನೆ ಅಂತ ಗೊತ್ತಿದ್ದೂ ಅವನನ್ನೇ ಉಪವಾಸ ಹಾಕೋದು ಯಾವ ಪೊಲೀಸ್ ಕೆಲಸ?

ಇನ್ನೊಂದು ವಿಪರ್ಯಾಸ ನೋಡಿ. ಸ್ಟಿಲ್‌ಫಾಂಟೈನ್ ನಡೆದಾಗ ದಕ್ಷಿಣ ಆಫ್ರಿಕಾದ ಅಧ್ಯಕ್ಷ ಸಿರಿಲ್ ರಾಮಫೋಸಾ. 1982ರಲ್ಲಿ ಗಣಿ ಕಾರ್ಮಿಕರ ರಾಷ್ಟ್ರೀಯ ಸಂಘ ಕಟ್ಟಿದವರು ಅವರೇ, 1987ರಲ್ಲಿ ವರ್ಣಭೇದ ಸರ್ಕಾರವನ್ನೂ ಕಂಪನಿಗಳನ್ನೂ ನಡುಗಿಸಿದ ಮೂರು ವಾರದ ಮಹಾ ಮುಷ್ಕರದ ನಾಯಕರೂ ಅವರೇ. ಆ ಸಂಘದ ಮೊದಲ ಅಧ್ಯಕ್ಷ ಜೇಮ್ಸ್ ಮೊಟ್ಲಾಟ್ಸಿ ಯಾವ ದೇಶದವರು ಗೊತ್ತಾ? ಲೆಸೋಥೋದವರು. ವಲಸೆ ಗಣಿಗಾರ. ಅಂದು 'ನಮ್ಮ ನಾಯಕ' ಆಗಿದ್ದವನ ಊರಿನವರೇ ಇಂದು 'ಹೊರಗಿನವರು'. ಮಧ್ಯದಲ್ಲಿ ಬದಲಾದದ್ದು ಒಂದೇ: ಉದ್ಯಮಕ್ಕೆ ಅವರ ಅಗತ್ಯ ಮುಗಿದಿದೆ.

ನಮ್ಮ ಕೆಜಿಎಫ್

ಇಷ್ಟು ಓದಿ 'ಅಯ್ಯೋ ಪಾಪ ಆಫ್ರಿಕಾ' ಅಂತ ಸುಮ್ಮನಾಗೋ ಹಾಗಿಲ್ಲ. ನಮ್ಮ ಪೀಳಿಗೆಗೆ ಕೆಜಿಎಫ್ ಅಂದ್ರೆ ರಾಕಿ ಭಾಯ್. ನಿಜವಾದ ಕೋಲಾರ ಚಿನ್ನದ ಗಣಿಯನ್ನು ಕಟ್ಟಿದ್ದು 1880ರ ದಶಕದಿಂದ ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಬ್ರಿಟಿಷ್ ಕಂಪನಿಯ ದುಡ್ಡು, ಮತ್ತು ಹೆಚ್ಚಾಗಿ ಉತ್ತರ ಆರ್ಕಾಟಿನಂಥ ತಮಿಳು ಜಿಲ್ಲೆಗಳಿಂದ ಬಂದ ದಲಿತರ ಮೈ. ಜಾತಿ ಮತ್ತು ಬರದಿಂದ ತಪ್ಪಿಸಿಕೊಂಡು ಬಂದವರು ಅವರು. 1902ರಲ್ಲಿ ಶಿವನಸಮುದ್ರದ ಕರೆಂಟು ಗಣಿಗೆ ಬಂತು. ಕಾರ್ಮಿಕರು ಇದ್ದದ್ದು ಬಿದಿರಿನ ತಟ್ಟಿ ಮನೆಗಳ ಸಾಲುಗಳಲ್ಲಿ. ಚಾಂಪಿಯನ್ ರೀಫ್ ಗಣಿ ನೆಲದಡಿ 3 ಕಿಲೋಮೀಟರಿಗೂ ಆಳಕ್ಕೆ ಹೋಯಿತು. ಬಂಡೆ ಸಿಡಿತಕ್ಕೆ ಸತ್ತವರು, ಸಿಲಿಕೋಸಿಸ್‌ಗೆ ಸತ್ತವರು ಲೆಕ್ಕವಿಲ್ಲದಷ್ಟು.

ಒಂದು ದೊಡ್ಡ ವ್ಯತ್ಯಾಸ ಇದೆ. ಕೆಜಿಎಫ್‌ನಲ್ಲಿ ಹೆಂಡತಿ-ಮಕ್ಕಳು ಜೊತೆಗಿರಬಹುದಿತ್ತು. ತಟ್ಟಿ ಮನೆ ಆದರೂ ಅದು ಮನೆ. ಹಾಗಾಗಿ ಅಲ್ಲಿ ಮೂರು, ನಾಲ್ಕು ತಲೆಮಾರು ಬೇರು ಬಿಟ್ಟಿತು. ಶಾಲೆ, ಚರ್ಚು, ಅಂಬೇಡ್ಕರ್ ಸಂಘ, ಕೆಂಪು ಬಾವುಟ, ಫುಟ್‌ಬಾಲ್ ಎಲ್ಲ ಬೆಳೆಯಿತು. ಆದರೆ 2001ರ ಫೆಬ್ರವರಿ 28ಕ್ಕೆ ಕೇಂದ್ರ ಸರ್ಕಾರದ ಕಂಪನಿ ಗಣಿ ಮುಚ್ಚಿತು. ಅಜ್ಜಂದಿರ ಊರಲ್ಲಿ ಇವರಿಗೆ ಜಾಗ ಇಲ್ಲ, ಇಲ್ಲಿ 'ತಮಿಳರು' ಅನ್ನೋ ಹಣೆಪಟ್ಟಿ. ಅವರ ಊರ ಹಂಬಲ ಎಲ್ಲಿಗೆ ಹೋಗಬೇಕು? ಅದು ಮಾರಿಕುಪ್ಪಂನಿಂದ ಹೊರಡೋ ರೈಲು ಹತ್ತಿತು. ಇವತ್ತಿಗೂ ಸಾವಿರಾರು ಜನ ಕತ್ತಲಲ್ಲೇ ಎದ್ದು ಬೆಂಗಳೂರಿಗೆ ಬಂದು, ಸೆಕ್ಯುರಿಟಿ, ಹೌಸ್‌ಕೀಪಿಂಗ್, ಅಂಗಡಿ, ಫ್ಯಾಕ್ಟರಿ ಕೆಲಸ ಮಾಡಿ ಕತ್ತಲಲ್ಲೇ ಮನೆ ಸೇರ್ತಾರೆ. ಮನೆ ಬಿಡೋದು ಬೇಡ ಅಂತ ದಿನಕ್ಕೆ ನಾಲ್ಕೈದು ಗಂಟೆ ರೈಲಿಗೆ ಕೊಡ್ತಾರೆ.

ನಮ್ಮಲ್ಲೂ ಜಾಮಾ ಜಾಮಾಗಳಿದ್ದಾರೆ. 2020ರ ಮೇ ತಿಂಗಳಲ್ಲಿ, ಲಾಕ್‌ಡೌನ್ ಹೊತ್ತಲ್ಲಿ, ಮಾರಿಕುಪ್ಪಂ ಭಾಗದ ಮುಚ್ಚಿದ ಗಣಿಗೆ ಕದ್ದು ಇಳಿದ ಮೂವರು ಒಳಗೇ ಸತ್ತರು. 'ಚಿನ್ನ ಕದಿಯಲು ಹೋದವರ ಸಾವು' ಅನ್ನೋ ಧಾಟಿಯ ಸುದ್ದಿಯಾಗಿ ಅದು ಮುಗಿದುಹೋಯಿತು. ಅದೇ ಚಿನ್ನಕ್ಕೆ ಈಗ ಸರ್ಕಾರವೂ ಕೈ ಹಾಕಿದೆ. 2024ರ ಜೂನ್‌ನಲ್ಲಿ ರಾಜ್ಯ ಸಂಪುಟ ಕೆಜಿಎಫ್‌ನ 13 ಸಯನೈಡ್ ದಿಬ್ಬಗಳಿಂದ, ಅಂದರೆ ಸುಮಾರು 1,003 ಎಕರೆಯಲ್ಲಿ ಬಿದ್ದಿರುವ ಗಣಿ ತ್ಯಾಜ್ಯದಿಂದ ಚಿನ್ನ ತೆಗೆಯಲು ಒಪ್ಪಿಗೆ ಕೊಟ್ಟಿತು. ಚಿನ್ನದ ದರ 2025ರ ಏಪ್ರಿಲ್‌ನಲ್ಲಿ 10 ಗ್ರಾಂಗೆ 1 ಲಕ್ಷ ದಾಟಿದ ಮೇಲೆ ಆ ದಿಬ್ಬಗಳ ಬೆಲೆ ಇನ್ನೂ ಏರಿದೆ. ಆ ದಿಬ್ಬದ ಧೂಳನ್ನು ನೂರು ವರ್ಷ ಉಸಿರಾಡಿದ ಮನೆಗಳಿಗೆ ಇದರಲ್ಲಿ ಪಾಲೆಷ್ಟು?

ಕಾನೂನಿನಿಂದ ಬಿದ್ದುಹೋದ ಒಂದು ಪದ

ಈಗ ನಮ್ಮ ಕಾಲಬುಡಕ್ಕೆ ಬರೋಣ. 1979ರಲ್ಲಿ ನಮ್ಮ ಸಂಸತ್ತು ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಮಾಡಿತು. ಅದರ 14ನೇ ಕಲಮಿನಲ್ಲಿ 'ಸ್ಥಳಾಂತರ ಭತ್ಯೆ' ಅಂತ ಒಂದಿತ್ತು. ಬೇರೆ ರಾಜ್ಯದಿಂದ ಕಾರ್ಮಿಕನನ್ನು ಕರೆತರುವ ಗುತ್ತಿಗೆದಾರ ಅವನ ತಿಂಗಳ ಕೂಲಿಯ ಅರ್ಧದಷ್ಟನ್ನು, ಅಥವಾ 75 ರೂಪಾಯಿಯನ್ನು, ಯಾವುದು ಹೆಚ್ಚೋ ಅದನ್ನು, ಕೂಲಿಯಲ್ಲದೆ ಬೇರೆಯಾಗಿ ಕೊಡಬೇಕು. ಯಾಕೆ? ಊರು ಬಿಟ್ಟು ಬಂದದ್ದಕ್ಕೆ. ಕೆಲಸಕ್ಕಲ್ಲ, ಊರು ಬಿಟ್ಟದ್ದಕ್ಕೆ. ನನಗೆ ತಿಳಿದ ಮಟ್ಟಿಗೆ ಊರ ಹಂಬಲಕ್ಕೂ ಒಂದು ಬೆಲೆ ಇದೆ, ಅದನ್ನು ದುಡಿಸಿಕೊಳ್ಳುವವನೇ ಕಟ್ಟಬೇಕು ಅಂತ ನಮ್ಮ ಕಾನೂನು ಒಪ್ಪಿಕೊಂಡ ಜಾಗ ಅದು.

ಆ ಭತ್ಯೆ ಎಷ್ಟು ಜನರ ಕೈ ಸೇರಿತು ಅಂತ ಕೇಳಬೇಡಿ. ನೋಂದಣಿಯನ್ನೇ ಮಾಡಿಸದ ಗುತ್ತಿಗೆದಾರರು ಭತ್ಯೆ ಎಲ್ಲಿಂದ ಕೊಟ್ಟಾರು. ಆದರೂ ಹಕ್ಕು ಕಾಗದದಲ್ಲಿ ಇದ್ದರೆ ಕೇಳೋಕಾದ್ರೂ ಬಾಯಿ ಇರುತ್ತೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ಆ ಕಾಯ್ದೆಯನ್ನು ನುಂಗಿವೆ. ಊರಿಗೆ ಹೋಗಿ ಬರುವ ಪ್ರಯಾಣ ಭತ್ಯೆ ಹೊಸ ಸಂಹಿತೆಯಲ್ಲಿ ಉಳಿದಿದೆ. ಸ್ಥಳಾಂತರ ಭತ್ಯೆ ಅನ್ನೋ ಪದವೇ ಬಿದ್ದುಹೋಗಿದೆ. ಹಿಂದೆ 5 ವಲಸೆ ಕಾರ್ಮಿಕರಿದ್ದರೆ ಕಾನೂನು ಅನ್ವಯ ಆಗ್ತಿತ್ತು, ಈಗ 10 ಇರಬೇಕು.

ನಮ್ಮ ಗುಳೆಯವರ ಕತೆಯಂತೂ ಇನ್ನೂ ಕಷ್ಟ. ಲಿಂಗಸುಗೂರಿನಿಂದ ಬೆಂಗಳೂರಿಗೆ ಹೋದ ನನ್ನ ಅಪ್ಪ ರಾಜ್ಯದ ಗಡಿ ದಾಟಲಿಲ್ಲ. ಹಾಗಾಗಿ ಹಳೇ ಕಾನೂನಿನಲ್ಲೂ ಅವನು ವಲಸಿಗನಲ್ಲ, ಹೊಸದರಲ್ಲೂ ಅಲ್ಲ. ನಾನೂರು ಕಿಲೋಮೀಟರ್ ದೂರ, ತಗಡಿನ ಶೆಡ್ಡಿನಲ್ಲಿ, ಮಗನ ಮುಖ ನೋಡದೆ ವರ್ಷಗಟ್ಟಲೆ ಇದ್ದವನು ಕಾನೂನಿನ ಕಣ್ಣಲ್ಲಿ ಮನೆಯಲ್ಲೇ ಇದ್ದಾನೆ!

ಮನೆಗೆ ಹೋಗೋ ಆಸೆಗೆ ನಮ್ಮ ರಾಜ್ಯ ಹೇಗೆ ನಡೆದುಕೊಂಡಿದೆ ಅನ್ನೋದಕ್ಕೂ ಒಂದು ದಿನಾಂಕ ಇದೆ. 2020ರ ಮೇ ಮೊದಲ ವಾರ. ಲಾಕ್‌ಡೌನಿನಲ್ಲಿ ಸಿಕ್ಕಿಬಿದ್ದ ಉತ್ತರದ ರಾಜ್ಯಗಳ ಕಾರ್ಮಿಕರು ಊರಿಗೆ ಹೋಗಲು ರೈಲು ಕೇಳುತ್ತಿದ್ದರು. ಕರ್ನಾಟಕ ಸರ್ಕಾರ ಬಿಲ್ಡರುಗಳ ಜೊತೆ ಸಭೆ ನಡೆಸಿತು, ಅದರ ಬೆನ್ನಿಗೇ ರೈಲು ಬೇಡ ಅಂತ ರೈಲ್ವೆಗೆ ಬರೆಯಿತು. ದೇಶವೆಲ್ಲ ಉಗಿದ ಮೇಲೆ ಒಂದೆರಡು ದಿನದಲ್ಲಿ ಆ ತೀರ್ಮಾನ ವಾಪಸ್ ಪಡೆಯಿತು. ಸ್ಟಿಲ್‌ಫಾಂಟೈನ್‌ನಲ್ಲಿ ಹಸಿವಿಗೆ ಕೆಡವಿ ಹೊರಗೆಳೆದರು, ಇಲ್ಲಿ ರೈಲು ನಿಲ್ಲಿಸಿ ಒಳಗೆ ಹಿಡಿದಿಟ್ಟರು. ಎರಡೂ ಒಂದೇ ಅಂತ ನಾನು ಹೇಳಲ್ಲ, ಅಲ್ಲಿ ಹೆಣಗಳು ಬಿದ್ದಿವೆ. ಆದರೆ ಎರಡರಲ್ಲೂ ಕಾರ್ಮಿಕನ ಮನೆ ಎಷ್ಟು ದೂರ, ಅವನು ಯಾವಾಗ ಹೋಗಬಹುದು ಅಂತ ನಿರ್ಧರಿಸಿದ್ದು ಅವನಲ್ಲ.

ಏನು ಕೇಳಬೇಕು?

ಸಂಹಿತೆಗಳ ಬಗ್ಗೆ ಈಗ ಚರ್ಚೆ ಆಗ್ತಿರೋದೆಲ್ಲ ಕೆಲಸದ ಗಂಟೆ, ವಜಾ, ಮುಷ್ಕರದ ಸುತ್ತ. ಅದು ಬೇಕು. ಆದರೆ ದೂರ ಅನ್ನೋದೂ ಕೆಲಸದ ಒಂದು ಷರತ್ತೇ. ಅದನ್ನೂ ಲೆಕ್ಕಕ್ಕೆ ತರಬೇಕು. ಕರ್ನಾಟಕ ಸರ್ಕಾರ ಮನಸ್ಸು ಮಾಡಿದರೆ ಕಟ್ಟಡ ಕಾರ್ಮಿಕರ ಕಲ್ಯಾಣ ನಿಧಿಯಿಂದಲೋ, ತನ್ನದೇ ಕಾನೂನಿನಿಂದಲೋ ಸ್ಥಳಾಂತರ ಭತ್ಯೆಯನ್ನು ಮತ್ತೆ ತರಬಹುದು, ಜಿಲ್ಲೆ ದಾಟಿ ಗುಳೆ ಹೋಗುವವರಿಗೂ ಕೊಡಬಹುದು. ಗುಳೆ ಹೋದವರ ಮಕ್ಕಳಿಗೆ ಊರಲ್ಲೇ ಹಾಸ್ಟೆಲ್, ಕೆಲಸದ ಜಾಗದಲ್ಲಿ ಕುಟುಂಬ ಇರಬಹುದಾದ ಮನೆ, ಎರಡರಲ್ಲಿ ಒಂದನ್ನಾದರೂ ಕಡ್ಡಾಯ ಮಾಡಬಹುದು. ಕೆಜಿಎಫ್ ದಿಬ್ಬಗಳಿಂದ ಬರೋ ಹಣದಲ್ಲಿ ಗಣಿ ಕಾರ್ಮಿಕರ ಕುಟುಂಬಗಳ ಮನೆ ಹಕ್ಕು ಮತ್ತು ಶ್ವಾಸಕೋಶದ ಚಿಕಿತ್ಸೆಗೆ ಪಾಲು ತೆಗೆದಿಡಬಹುದು. ದಕ್ಷಿಣ ಆಫ್ರಿಕಾದ ವಿಧವೆಯರು ಕೋರ್ಟಿಗೆ ಹೋಗಿ ಗೆದ್ದದ್ದು ಇಂಥದ್ದೇ ಬಾಕಿಯನ್ನು.

ಇದೆಲ್ಲ ದುಬಾರಿ ಅಂತಾರೆ. ಹೌದು, ದುಬಾರಿಯೇ. ಇಷ್ಟು ದಿನ ಆ ಖರ್ಚು ಇರಲಿಲ್ಲ ಅಂತಲ್ಲ, ನಮ್ಮ ಆಯಂದಿರು ಕಟ್ಟುತ್ತಿದ್ದರು ಅಷ್ಟೇ.

ಸ್ಟಿಲ್‌ಫಾಂಟೈನ್‌ನಿಂದ ಮೇಲೆ ತಂದ ಹೆಣಗಳಲ್ಲಿ ಎಷ್ಟೋ ಗುರುತು ಸಿಗುವ ಸ್ಥಿತಿಯಲ್ಲಿರಲಿಲ್ಲ. ಎಂದರೆ ಮೊಜಾಂಬಿಕ್‌ನ, ಲೆಸೋಥೋದ ಯಾವ್ಯಾವುದೋ ಹಳ್ಳಿಯಲ್ಲಿ ಇವತ್ತಿಗೂ ಯಾರೋ ಮಗು ಯಾರೋ ಅಜ್ಜಿಯನ್ನು "ಅಪ್ಪ ಯಾವಾಗ ಬರ್ತಾನೆ" ಅಂತ ಕೇಳ್ತಾ ಇರಬಹುದು. ಅವರಿಗೆ ರೊಕ್ಕವೂ ಬಂದಿಲ್ಲ.

ನನ್ನ ಅಪ್ಪ ಬಂದ. ಸೊಂಟ ಹೋಗಿತ್ತು, ಆದರೂ ಬಂದ. ಅಷ್ಟೊತ್ತಿಗೆ ನಾನು ಬೆಂಗಳೂರು ಬಸ್ಸು ಹತ್ತಿದ್ದೆ.